ಒಳಾಂಗಣದ ಬಾಗಿಲು ಯಾರಿಗೆ ತೆರೆದಿದೆ?

ಮೊನ್ನೆ ಮದ್ರಸದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಉಸ್ತಾದ್, ಮಳೆ ಬಂದ್ರೆ ನಾವು ಶಟಲ್ ಆಡುವುದು ಎಲ್ಲಿ?" ನಮ್ಮಲ್ಲಿ ಉತ್ತರ ಇರಲಿಲ್ಲ. ಗಂಡುಮಕ್ಕಳು ಕೆಸರಲ್ಲಾದರೂ ಚೆಂಡು ಒದೆಯುತ್ತಾರೆ. ಹೆಣ್ಣುಮಕ್ಕಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಜಗಲಿಯೇ ಮೈದಾನ.

ಹಾಗಾಗಿ ಕರಾವಳಿಗೆ ಒಳಾಂಗಣ ಕ್ರೀಡಾಂಗಣ ಎಂಬುದು ಶೋಕಿ ಅಲ್ಲ, ಅಗತ್ಯ. ಆದರೆ ಕಟ್ಟಡ ಎದ್ದ ಮಾತ್ರಕ್ಕೆ ಅಗತ್ಯ ತೀರುತ್ತದೆಯೇ? ಬೆಂಗಳೂರಿನ ಕೋರಮಂಗಲದ ಚರಿತ್ರೆಯನ್ನು ಒಮ್ಮೆ ನೋಡೋಣ.

ಒಂದು ಕಾಲಕ್ಕೆ ನಗರದ ಅಂಚಿನ ಹಳ್ಳಿಯಾಗಿದ್ದ ಕೋರಮಂಗಲ ಆಮೇಲೆ ದೊಡ್ಡ ಬಡಾವಣೆಯಾಯಿತು. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಕರ್ನಾಟಕಕ್ಕೆ ಬಂದಾಗ ಅಲ್ಲಿ ಒಳಾಂಗಣ ಕ್ರೀಡಾಂಗಣ ಸಿದ್ಧವಾಯಿತು. ಪದಕ ಪಟ್ಟಿಯಲ್ಲಿ ಆ ಸಲ ಕರ್ನಾಟಕವೇ ಮೊದಲು. ಆಟಗಾರರ ವಾಸಕ್ಕೆ ಕಟ್ಟಿದ ನ್ಯಾಷನಲ್ ಗೇಮ್ಸ್ ವಿಲೇಜ್ ಕೂಟ ಮುಗಿದ ಬಳಿಕ ಜನರ ಫ್ಲಾಟ್‌ಗಳಾದವು. ಹೆಸರು ಇವತ್ತಿಗೂ ಹಾಗೇ ಇದೆ.

2020ರಲ್ಲಿ ಕೊರೋನಾ ಬಂತು. ಆಟದ ಅಂಕಣದ ಮೇಲೆ ಮಂಚಗಳು ಸಾಲಾಗಿ ನಿಂತವು, ಕ್ರೀಡಾಂಗಣ ಕೋವಿಡ್ ಆರೈಕೆ ಕೇಂದ್ರವಾಯಿತು. ಸಾರ್ವಜನಿಕ ಕಟ್ಟಡದ ಬೆಲೆ ಏನೆಂದು ಆಗ ಎಲ್ಲರಿಗೂ ಗೊತ್ತಾಯಿತು. ಖಾಸಗಿಯವರ ಕೈಗೆ ಹೋಗಿದ್ದರೆ ಅಷ್ಟು ಬೇಗ ಬಾಗಿಲು ತೆರೆಯುತ್ತಿತ್ತೇ?

ಇದೇ ಊರಿಗೆ ಇನ್ನೊಂದು ಮುಖವೂ ಇದೆ. ಗೇಮ್ಸ್ ವಿಲೇಜ್‌ನಿಂದ ಸ್ವಲ್ಪ ದೂರದ ಈಜಿಪುರದಲ್ಲಿ ಬಡವರ ವಸತಿಗೃಹಗಳಿದ್ದವು. 2007ರಲ್ಲಿ ಅಲ್ಲಿನ ಕಟ್ಟಡವೊಂದು ಕುಸಿಯಿತು. ಜನ ಅಲ್ಲೇ ತಗಡಿನ ಶೆಡ್ ಹಾಕಿ ಬದುಕಿದರು. 2013ರ ಜನವರಿಯಲ್ಲಿ ಸುಮಾರು 1,500 ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಲಾಯಿತು. ಅತಿಥಿಗಳಿಗೆ ಕಟ್ಟಿದ್ದು ಗಟ್ಟಿಯಾಗಿ ನಿಂತಿತು, ಬಡವರಿಗೆ ಕಟ್ಟಿದ್ದು ನೆಲಕ್ಕುರುಳಿತು. ಕ್ರೀಡಾಂಗಣದ ಹತ್ತಿರವೇ ಹುಟ್ಟಿದ ಆ ಮಕ್ಕಳಲ್ಲಿ ಎಷ್ಟು ಮಂದಿ ಅದರ ಒಳಗೆ ರಾಕೆಟ್ ಹಿಡಿದಿದ್ದರೋ!

ಮಂಗಳೂರಿನಲ್ಲೂ ಯು.ಎಸ್. ಮಲ್ಯರ ಹೆಸರಿನ ಒಳಾಂಗಣ ಕ್ರೀಡಾಂಗಣವಿದೆ. ಬಂದರು ತಂದುಕೊಟ್ಟ ನಾಯಕನ ಹೆಸರು ಅದು. ಇನ್ನು ಮುಂದೆ ನಮ್ಮ ಪಟ್ಟಣಗಳ ಹೊರವಲಯದಲ್ಲಿ ಇಂಥದ್ದೊಂದಕ್ಕೆ ಶಿಲಾನ್ಯಾಸವಾದರೆ ನಾವು ಫೋಟೊಕ್ಕೆ ನಿಂತು ಬಂದರೆ ಸಾಲದು, ಪ್ರಶ್ನೆ ಕೇಳಬೇಕು. ಗಂಟೆಗೆ ಬಾಡಿಗೆ ಎಷ್ಟು? ಸರಕಾರಿ ಶಾಲೆಯ ಮಕ್ಕಳಿಗೆ ರಿಯಾಯಿತಿ ಇದೆಯಾ? ಸಂಜೆ ನಾಲ್ಕರಿಂದ ಆರರವರೆಗೆ, ಅಂದರೆ ಮಗ್ರಿಬ್‌ಗೆ ಮೊದಲು ಮನೆ ಸೇರುವ ಹಾಗೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ ಮತ್ತು ಮಹಿಳಾ ತರಬೇತುದಾರರು ಇರುತ್ತಾರಾ? ಬಸ್ಸು ಅಲ್ಲಿಗೆ ಹೋಗುತ್ತದಾ?

ಕೇಳಿದರೆ ನಿಯಮ ಬದಲಾಗುತ್ತದೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ತಲೆವಸ್ತ್ರ ತೆಗೆಯಲು ಒಪ್ಪದ ಕತಾರ್‌ನ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಆಡದೇ ಹಿಂದಿರುಗಿತ್ತು. ಒತ್ತಾಯ ನಿಲ್ಲಲಿಲ್ಲ. 2017ರ ಅಕ್ಟೋಬರ್‌ನಿಂದ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯೇ ತಲೆವಸ್ತ್ರಕ್ಕೆ ಅನುಮತಿ ಕೊಟ್ಟಿತು.

ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮವೇ ಬದಲಾಗುವುದಾದರೆ ನಮ್ಮೂರ ಕ್ರೀಡಾಂಗಣದ ವೇಳಾಪಟ್ಟಿ ಬದಲಾಗದೇ? ಜಮಾಅತ್ ಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ತಂದೆ ತಾಯಂದಿರು ಈ ಮಾತು ಎತ್ತಲಿ. ಆ ಹುಡುಗಿಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ.