ಮೈಗೆ ಬಿಡುವಿಲ್ಲವೋ, ಹೊತ್ತಿಗೆ ಬಿಡುವಿಲ್ಲವೋ? ಮೊದಲು ಅದನ್ನು ಕೇಳಿ ಸ್ವಾಮಿ!

ಹುಳಿಯಾರಿನಲ್ಲಿರುವ ನಮ್ಮ ಅಕ್ಕನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, 'ದಿನಾ ಒಂದಿಷ್ಟು ವ್ಯಾಯಾಮ ಮಾಡಮ್ಮ' ಅಂದರು. ಹಬ್ಬಕ್ಕೆ ಊರಿಗೆ ಬಂದ ಮಗ ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟು ಬೆಂಗಳೂರಿನ ಬಸ್ಸು ಹತ್ತಿದ. ಬಿಡುವಿಲ್ಲದ ಜನರಿಗೆಂದೇ ತಯಾರಿಸಿದ ಆ್ಯಪ್ ಅಂತೆ!

ಮಾರನೇ ದಿನ ಬೆಳಗ್ಗೆ ಆರಕ್ಕೆ ಅದು 'ಟಿಣ್' ಅಂದಿತು. ಅಕ್ಕ ಆಗ ಹಾಲು ಕರೆದು ಡೇರಿ ಮುಂದೆ ಕ್ಯಾನು ಹಿಡಿದು ನಿಂತಿದ್ದಳು. ಹನ್ನೊಂದಕ್ಕೆ ಮತ್ತೆ 'ಟಿಣ್'. ಕೂತದ್ದು ಸಾಕು, ಎದ್ದು ನಿಲ್ಲಿ ಎಂದು ಇಂಗ್ಲಿಷಿನಲ್ಲಿ ಉಪದೇಶ. ಅಕ್ಕ ಬೆಳಗಿನಿಂದ ಕೂತೇ ಇರಲಿಲ್ಲ! ಫೋನು ಅಡುಗೆಮನೆಯ ಗೂಡಿನಲ್ಲಿ ಕೂತಿತ್ತು, ಅಷ್ಟೆ. ರಾತ್ರಿ ಒಂದು ಕೆಂಪು ಗುರುತು ಬಂತು. ಏನು ಬರೆದಿದೆ ಎಂದು ಗೊತ್ತಾಗದೆ, ಸಕ್ಕರೆ ಏರಿಬಿಟ್ಟಿದೆ ಎಂದು ಗಾಬರಿಯಾಗಿ ನನ್ನನ್ನು ಕರೆಸಿದಳು. ಹೋಗಿ ಓದಿ ನೋಡಿದರೆ, ಇವತ್ತು ನಿಮ್ಮ ಹೆಜ್ಜೆ ತೀರಾ ಕಡಿಮೆ, ಸೋಮಾರಿತನ ಬಿಡಿ ಎಂಬರ್ಥದ ಮಾತು!

ಸೋಮಾರಿಯಂತೆ! ನಸುಕಿನಲ್ಲಿ ಎದ್ದು ಕೊಟ್ಟಿಗೆ ಬಾಚಿ, ಎರಡು ಹೊತ್ತು ಹಾಲು ಕರೆದು, ತೋಟದಲ್ಲಿ ಕಾಯಿ ಆರಿಸಿ ಗುಡ್ಡೆ ಹಾಕಿ ಬಂದ ಹೆಂಗಸು ಸೋಮಾರಿ! ಆಡಿದ್ದು ಸುಳ್ಳು, ಆಡಿದ ಭಾಷೆ ಅವಳದಲ್ಲ. ಈ ಅಪಮಾನಕ್ಕೆ ಯಾರು ಹೊಣೆ?

ಇದು ಯಾರ ದಿನಚರಿ?

ಇಂಥ ಆ್ಯಪ್ ಕಟ್ಟುವ ಕಸುಬಿಗೆ ನಮ್ಮ ರಾಜಧಾನಿಯೇ ತವರು. ಹೆಲ್ತಿಫೈಮಿ 2012ರಲ್ಲಿ, ಕ್ಯೂರ್‌ಫಿಟ್ 2016ರಲ್ಲಿ ಬೆಂಗಳೂರಿನಲ್ಲೇ ಶುರುವಾದವು. ಅಕ್ಕನ ಫೋನಿನಲ್ಲಿದ್ದದ್ದು ಇವೆರಡೂ ಅಲ್ಲ, ಆ ಮಾತು ಬೇರೆ. ನಮ್ಮ ನೆಲದಲ್ಲಿ ಉದ್ದಿಮೆ ಬೆಳೆದರೆ ನಮಗೆ ಹೆಮ್ಮೆಯೇ. ಆದರೆ 'ಬಿಡುವಿಲ್ಲದ ಮನುಷ್ಯ' ಎಂದ ಕೂಡಲೇ ಈ ಕಸುಬಿನವರ ಕಣ್ಣ ಮುಂದೆ ಬರುವವನು ಯಾರು? ಹವಾನಿಯಂತ್ರಿತ ಕಚೇರಿಯಲ್ಲಿ ಒಂಬತ್ತು ಗಂಟೆ ಕುರ್ಚಿಗೆ ಅಂಟಿಕೊಂಡವನು. ಲಿಫ್ಟಿನಲ್ಲಿ ಹತ್ತಿ, ಕಾರಿನಲ್ಲಿ ಇಳಿದು ಹೋಗುವವನು. ಅವನಿಗೂ ಆ್ಯಪ್ ಬೇಕು, ಬೇಡ ಅಂದವರಾರು? ಆದರೆ ಬಿಡುವಿಲ್ಲದವನು ಅವನೊಬ್ಬನೇ ಏನು?

ಹುಳಿಯಾರಿಗೆ ಬಂದು ನೋಡಿ ಸ್ವಾಮಿ. ಇಲ್ಲಿ ಹೊತ್ತನ್ನು ಗಡಿಯಾರ ನಡೆಸುವುದಿಲ್ಲ. ತ್ರೀ ಫೇಸ್ ಕರೆಂಟು ನಡೆಸುತ್ತದೆ, ಡೇರಿ ನಡೆಸುತ್ತದೆ, ತಿಪಟೂರಿನ ಬಸ್ಸು ನಡೆಸುತ್ತದೆ. ಕರೆಂಟು ನಡುರಾತ್ರಿ ಬಂದರೆ ರೈತ ನಡುರಾತ್ರಿ ಎದ್ದು ತೋಟಕ್ಕೆ ನೀರು ಕಟ್ಟಬೇಕು. ಅಂಥವನಿಗೆ 'ಬೆಳಗ್ಗೆ ಐದಕ್ಕೆ ಎದ್ದು ಓಡಿ' ಎನ್ನುವ ಆ್ಯಪ್ ವ್ಯಾಯಾಮ ಕಲಿಸುತ್ತಿಲ್ಲ, ಅವನ ನಿದ್ದೆ ಕದಿಯುತ್ತಿದೆ.

ಬಿಡುವಿಲ್ಲದವರಲ್ಲಿ ಎರಡು ಜಾತಿ

ನಮ್ಮ ಸೀಮೆಯ ಉಂಡೆ ಕೊಬ್ಬರಿಯ ಕೆಲಸವನ್ನೇ ನೋಡಿ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಡಬೇಕು. ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸಬೇಕು. ಕಾಯಿ ಸುಲಿಯುವವನು ಬೆಳಗಿನಿಂದ ಸಂಜೆವರೆಗೆ ಬಗ್ಗಿ ಅದೇ ತೋಳು, ಅದೇ ಸೊಂಟ ದುಡಿಸುತ್ತಾನೆ. ಚೀಲ ಹೊರುವ ಹಮಾಲಿಯ ಬೆನ್ನು ಕೇಳುವುದೇ ಬೇಡ. ಇವರ ಮೈಗೇ ಬಿಡುವಿಲ್ಲ.

ಅದೇ ಕೊಬ್ಬರಿಯ ಲೆಕ್ಕ ಬರೆಯುವ ಗುಮಾಸ್ತ, ಗಲ್ಲಾಪೆಟ್ಟಿಗೆ ಮುಂದಿನ ಯಜಮಾನ, ಬ್ಯಾಂಕಿನ ನೌಕರ, ಕಾರು ಓಡಿಸುವವನು - ಇವರ ಮೈಗೆ ಬೇಕಾದಷ್ಟು ಬಿಡುವು. ಹೊತ್ತಿಗೆ ಮಾತ್ರ ಬಿಡುವಿಲ್ಲ.

ಈ ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಹೇಗೆ? ಗಲ್ಲಾದ ಯಜಮಾನನಿಗೆ ನಡಿಗೆ ಬೇಕು, ಎದುಸಿರು ಬರುವಷ್ಟು ಮೈ ಬೆವರಬೇಕು. ಕಾಯಿ ಸುಲಿಯುವವನಿಗೆ ಬೇಕಾದದ್ದು ಸೊಂಟ ಹಿಂದಕ್ಕೆ ಬಾಗಿಸುವುದು, ಭುಜ ಸಡಿಲಿಸುವುದು, ಭಾರ ಎತ್ತುವಾಗ ಬೆನ್ನಿನ ಬದಲು ಮಂಡಿ ಮಡಿಸುವ ಅಭ್ಯಾಸ, ನಡುನಡುವೆ ನೀರು, ರಾತ್ರಿ ನಿದ್ದೆ. ಆದ್ದರಿಂದ ಆ್ಯಪ್ ತೆರೆದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ತೂಕವೂ ಅಲ್ಲ, ಎತ್ತರವೂ ಅಲ್ಲ. 'ಮೈಗೆ ಬಿಡುವಿಲ್ಲವೋ, ಹೊತ್ತಿಗೆ ಬಿಡುವಿಲ್ಲವೋ?' ಇದೊಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ನಮ್ಮ ಅಕ್ಕನಂಥವರಿಗೆ ಎರಡೂ ಇಲ್ಲ ಎಂಬುದೂ ಆಗಲೇ ತಿಳಿಯುತ್ತದೆ.

ಹತ್ತು ಸಾವಿರದ ಮಂತ್ರ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಂತ್ರ ಎಲ್ಲಿಂದ ಬಂತು ಗೊತ್ತೇ? 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರದು. 'ಮಾನ್ಪೊ-ಕೆ' ಎಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಅಂಗಡಿಯ ಹೆಸರುಪಟ್ಟಿಯಿಂದ ಇಳಿದು ಬಂದ ಅಂಕಿಯನ್ನು ವೇದವಾಕ್ಯ ಮಾಡಿಕೊಂಡು ನಮ್ಮ ಹೆಂಗಸರನ್ನು ಸೋಮಾರಿಗಳು ಎನ್ನುತ್ತಿದ್ದಾರೆ!

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೇ ಬೇರೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷ ಬಿರುಸಿನ ಶ್ರಮ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಬೇಕೆಂದು 2010ರಲ್ಲಿ ಹೇಳಿದ್ದ ಷರತ್ತನ್ನು 2020ರಲ್ಲಿ ಕೈಬಿಟ್ಟರು. ಎರಡು ನಿಮಿಷ ಮಾಡಿದರೂ ಅದು ಲೆಕ್ಕಕ್ಕೆ ಬರುತ್ತದೆ!

ಬಿಡುವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಎಸರು ಕುದಿಯುವ ತನಕ, ಡೇರಿಯ ಸಾಲಿನಲ್ಲಿ, ಬಸ್ಸು ಬರುವ ತನಕ - ನಮ್ಮ ದಿನದಲ್ಲಿ ಕಾಯುವ ಹೊತ್ತು ಎಷ್ಟಿಲ್ಲ! ಆ್ಯಪ್ ಕಟ್ಟುವವರು ಆ ಹೊತ್ತನ್ನು ಹುಡುಕಬೇಕು. 'ಆರು ಗಂಟೆಗೆ' ಎಂದು ನೆನಪಿಸುವ ಬದಲು 'ಎಸರಿಟ್ಟಾಗ' ಎಂದು ನೆನಪಿಸಬೇಕು. ಜಾತ್ರೆ, ಮದುವೆ, ಕೊಬ್ಬರಿ ಬಿಡಿಸುವ ದಿನಗಳಲ್ಲಿ ನಾಲ್ಕು ದಿನ ತಪ್ಪಿದರೆ ಬೈಯುವ ಬದಲು, ಬಿಟ್ಟಲ್ಲಿಂದ ಮುಂದುವರಿಸಬೇಕು. ಲಾರಿ ಓಡುವ ರಸ್ತೆಯಲ್ಲಿ ಕತ್ತಲಲ್ಲಿ ಒಬ್ಬಳೇ ನಡೆಯಲಾಗದ ಹೆಣ್ಣಿಗೆ ಸೀರೆಯುಟ್ಟೇ ಹಿತ್ತಿಲಲ್ಲಿ ಮಾಡಬಹುದಾದದ್ದನ್ನು ಹೇಳಿಕೊಡಬೇಕು.

ಬಸ್ಕಿಗೆ ಏನು ಕಡಿಮೆಯಾಗಿತ್ತು?

ಇನ್ನು ಭಾಷೆ. ಕೇಂದ್ರ ಸರ್ಕಾರ 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನ ಶುರು ಮಾಡಿತು. 2020ರಲ್ಲಿ ಅದರ ಘೋಷಣೆ ಬಂತು - 'ಫಿಟ್ನೆಸ್ ಕಾ ಡೋಸ್, ಆಧಾ ಘಂಟಾ ರೋಜ್'. ದಿನಾ ಅರ್ಧ ಗಂಟೆ ಎಂದು ಕನ್ನಡದಲ್ಲಿ ಹೇಳಿದ್ದರೆ ಗಂಟೇನು ಹೋಗುತ್ತಿತ್ತು? 2021ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆ್ಯಪ್ ಬಿಡುಗಡೆಯಾದಾಗ ಅದರಲ್ಲಿ ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿ, ಎರಡೇ ಭಾಷೆ. ನಮ್ಮ ತೆರಿಗೆ ಹಣದ ಆ್ಯಪ್, ನಮ್ಮ ಮೈಯ ಆರೋಗ್ಯ. ಭಾಷೆ ಮಾತ್ರ ನಮ್ಮದಲ್ಲ!

ಕನ್ನಡದಲ್ಲಿ ಪದಗಳಿಲ್ಲ ಎನ್ನಬೇಡಿ. ನಮ್ಮ ಊರುಗಳಲ್ಲಿ ಗರಡಿಮನೆಗಳಿದ್ದವು. ಸಾಮು, ದಂಡ, ಬಸ್ಕಿ, ಗುಂಡು ಎತ್ತುವುದು ನಮಗೆ ಯಾರೂ ಹೊರಗಿನಿಂದ ತಂದುಕೊಟ್ಟದ್ದಲ್ಲ. 'ಸ್ಕ್ವಾಟ್' ಎಂದರೆ ಅಕ್ಕ ಕಣ್ಣು ಬಿಡುತ್ತಾಳೆ, 'ಬಸ್ಕಿ' ಎಂದರೆ ನಗುತ್ತಾ ಹೊಡೆದು ತೋರಿಸುತ್ತಾಳೆ. ಹಾಗೆಂದು ನಿಘಂಟು ತೆರೆದು ಯಾರಿಗೂ ಅರ್ಥವಾಗದ ಸಂಸ್ಕೃತ ತುರುಕಿದ ಕನ್ನಡವನ್ನೂ ಕೊಡಬೇಡಿ. ಡೇರಿ ಮುಂದೆ ಆಡುವ ಕನ್ನಡ ಕೊಡಿ. ಓದಲು ಬಿಡುವಿಲ್ಲದವರಿಗೆ ಓದಿ ಹೇಳುವ ದನಿ ಕೊಡಿ. 2017ರಿಂದಲೇ ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡುತ್ತಿದೆ. ಆಗುವುದಿಲ್ಲ ಎಂಬ ನೆಪ ಹಳೆಯದಾಯಿತು.

ಊಟದ ಲೆಕ್ಕವೂ ಹಾಗೆಯೇ. ಅಕ್ಕನ ಆ್ಯಪ್ 'ಎಷ್ಟು ಕಪ್' ಎಂದು ಕೇಳಿತು. ಮುದ್ದೆಯನ್ನು ಕಪ್ಪಿನಲ್ಲಿ ಅಳೆಯುವ ಮಹಾಶಯರು ಎಲ್ಲಿದ್ದಾರೋ! ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೋರಿ. ಅಷ್ಟೇ ತೂಕದ ಒಣಕೊಬ್ಬರಿಯಲ್ಲಿ 600ಕ್ಕೂ ಹೆಚ್ಚು. ಮುದ್ದೆಯ ಚಿತ್ರ ಸಣ್ಣದು, ದೊಡ್ಡದು ಎಂದು ತೋರಿಸಿ ಮುಟ್ಟಲು ಹೇಳಿದರೆ ಸಾಕು. ಸಕ್ಕರೆ ಕಾಯಿಲೆಯವರಿಗೆ ಮುದ್ದೆಯ ಗಾತ್ರವೇ ಮುಖ್ಯ ಎಂದು ತಿಳಿಯುತ್ತದೆ.

ನೆಪ ಹೇಳುವವರಿಗೆ

'ಕನ್ನಡಕ್ಕೆ ಮಾರುಕಟ್ಟೆ ಚಿಕ್ಕದು' ಎನ್ನುವ ಬುದ್ಧಿವಂತರಿದ್ದಾರೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಪೋಲೆಂಡ್ ದೇಶದ ಒಟ್ಟು ಜನ ನಾಲ್ಕು ಕೋಟಿ ಮುಟ್ಟುವುದಿಲ್ಲ. ಅವರಿಗೆ ಪೋಲಿಷ್ ಭಾಷೆಯಲ್ಲಿ ಆ್ಯಪ್ ಸಿಗುತ್ತದೆ. ಕಂಪ್ಯೂಟರಿಗೆ ಕನ್ನಡ ಹೊಂದುವುದಿಲ್ಲ ಎಂಬ ಮಾತೂ ಒಂದು ಕಾಲಕ್ಕಿತ್ತು. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಮಾಡಿ ಬಾಯಿ ಮುಚ್ಚಿಸಿದರು. ಇಂದು ಆ ವಿನ್ಯಾಸದಲ್ಲಿ ಕನ್ನಡ ಬರೆಯುವವರು ಎಷ್ಟು ಜನ!

ಕಾನೂನೂ ನಮ್ಮ ಕಡೆಗಿದೆ. ಈ ಆ್ಯಪ್‌ಗಳು ನಮ್ಮ ತೂಕ, ಕಾಯಿಲೆ, ನಿದ್ದೆ, ಓಡಾಟ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಮಗಿರಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. ಕಾಯಿದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುತ್ತಿದ್ದ ಸಾಹುಕಾರರ ಕಥೆ ನಾವು ಕೇಳಿಲ್ಲವೇ? ಅರ್ಥವಾಗದ 'ಐ ಅಗ್ರೀ' ಗುಂಡಿಯೂ ಹೆಬ್ಬೆಟ್ಟೇ!

ಇದು ಬರೀ ಅಭಿಮಾನದ ಜಗಳವಲ್ಲ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಹಳ್ಳಿ, ಪಟ್ಟಣ ಎಂಬ ಭೇದ ಆ ಕಾಯಿಲೆಗಿಲ್ಲ. ಅರ್ಥವಾಗದ ಸಲಹೆ ಕೊಡದ ಸಲಹೆಗೆ ಸಮ. ಅದರಿಂದ ಹೋಗುವುದು ಕಾಲು, ಕಣ್ಣು, ಕಿಡ್ನಿ.

ಅಕ್ಕನಿಗೆ ನಾನೇ ಒಂದು ಹಾಳೆ ಬರೆದು, ಡಾಕ್ಟರಿಗೆ ತೋರಿಸಿ, ಅಡುಗೆಮನೆ ಗೋಡೆಗೆ ಅಂಟಿಸಿದೆ. ಎಸರು ಕುದಿಯುವಾಗ ಬಾಗಿಲ ಚೌಕಟ್ಟು ಹಿಡಿದು ಹತ್ತು ಬಸ್ಕಿ. ಡೇರಿಯ ಸಾಲಿನಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸುವುದು. ಮಧ್ಯಾಹ್ನ, ರಾತ್ರಿ ಉಂಡ ಮೇಲೆ ಹಿತ್ತಿಲಲ್ಲಿ ಹತ್ತು ನಿಮಿಷ ನಡಿಗೆ. ಮಾಡಿದ ದಿನ ಸೀಮೆಸುಣ್ಣದಲ್ಲಿ ಒಂದು ಗೀಟು. ಗೋಡೆಯ ಮೇಲೆ ಈಗ ಬೇಕಾದಷ್ಟು ಗೀಟುಗಳಿವೆ. ಆ್ಯಪನ್ನು ಅಕ್ಕ ತೆರೆಯುವುದೇ ಇಲ್ಲ.

ಬೆಂಗಳೂರಿನಲ್ಲಿ ಕೂತು ಆ್ಯಪ್ ಕಟ್ಟುವ ನಮ್ಮ ಹುಡುಗರೇ, ಹುಡುಗಿಯರೇ, ನಿಮ್ಮಲ್ಲಿ ಎಷ್ಟು ಜನರ ಅವ್ವಂದಿರು ಇಂಥ ಊರುಗಳಲ್ಲಿಲ್ಲ? ಎಂಟು ದಿನ ರಜೆ ಹಾಕಿ ಬನ್ನಿ. ಅವರ ಹಿಂದೆ ಹಿಂದೆ ಓಡಾಡಿ, ಅವರು ಎಲ್ಲಿ ಕಾಯುತ್ತಾರೆ, ಎಲ್ಲಿ ಬಗ್ಗುತ್ತಾರೆ, ಫೋನು ಎಲ್ಲಿಡುತ್ತಾರೆ ಎಂದು ಬರೆದುಕೊಳ್ಳಿ. ಆಮೇಲೆ ಕಟ್ಟಿ.

ಓದುಗ ಮಿತ್ರರೇ, ನಾವೂ ಸುಮ್ಮನೆ ಕೂರುವುದು ಬೇಡ. ಆ್ಯಪ್ ಅಂಗಡಿಯಲ್ಲಿ ಅಭಿಪ್ರಾಯ ಬರೆಯುವ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ: ಕನ್ನಡ ಎಲ್ಲಿ? ಒಪ್ಪಿಗೆಯ ಪತ್ರ ಬಂದಾಗ ಕೇಳಿ: ಕನ್ನಡ ಎಲ್ಲಿ? ದೆಹಲಿಯ ಕ್ರೀಡಾ ಇಲಾಖೆಗೂ ಒಂದು ಕಾಗದ ಹಾಕಿ. ಕೇಳುವವರಿಲ್ಲ ಎಂದೇ ಕೊಡುವವರಿಲ್ಲ. ಏನಂತೀರಿ?