ಬೆರಳಿಗಂಟಿದ ಬಿಳಿಯ ಲೇಪ

ರಜೆಯಲ್ಲಿ ಲ್ಯಾಮಿಂಗ್ಟನ್ ರಸ್ತೆಗೆ ಗಣಕಯಂತ್ರದ ದುರಸ್ತಿ ಕಲಿಯಹೋಗುವ ನಮ್ಮ ಹುಡುಗರು ಥರ್ಮಲ್ ಪೇಸ್ಟನ್ನು ಬೆರಳಿನಿಂದಲೇ ಬಳಿದು, ಅದೇ ಕೈಯಿಂದ ವಡಾಪಾವ್ ತಿನ್ನುವುದನ್ನು ಕಂಡಿದ್ದೇನೆ. ಚಿಪ್‌ಗೂ ಅದರ ಬಿಸಿಯನ್ನು ಹೀರುವ ಲೋಹಕ್ಕೂ ನಡುವಣ ಗಾಳಿಯನ್ನು ಹೊರದೂಡಿ ಶಾಖವನ್ನು ಸಾಗಿಸುವುದೇ ಈ ಲೇಪದ ಕೆಲಸ. ಸಾಮಾನ್ಯವಾದ ಬಿಳಿಯ ಲೇಪದಲ್ಲಿರುವುದು ಸಿಲಿಕೋನ್ ಎಣ್ಣೆ ಮತ್ತು ಸತುವಿನ ಆಕ್ಸೈಡ್. ಘೋರವಿಷವೇನೂ ಅಲ್ಲ, ಆದರೆ ಹೊಟ್ಟೆಗೆ, ಕಣ್ಣಿಗೆ ಹೋಗತಕ್ಕದ್ದೂ ಅಲ್ಲ. ಗ್ಯಾಲಿಯಂ ಬೆರೆತ ದ್ರವಲೋಹದ ಮಾತೇ ಬೇರೆ: ಅದು ಅಲ್ಯೂಮಿನಿಯಮನ್ನೇ ಕೊರೆದುಹಾಕುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ.

ಕೈಗವಸು ಧರಿಸಿರಿ, ಅಂಟಿದರೆ ಮೊದಲು ಒಣಬಟ್ಟೆಯಿಂದ ಒರಸಿ, ಬಳಿಕ ಸಾಬೂನಿನಿಂದ ತೊಳೆಯಿರಿ. ಕೊಳವೆಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದೆಯೆಂದು ಓದದೆ ಬಿಡಬೇಡಿರಿ. ಕನ್ನಡದಲ್ಲಿಯೇ ಓದಿ ಈ ನಗರಕ್ಕೆ ಬಂದ ನನಗೂ ಆ ಸಂಕೋಚವಿತ್ತು. ಕೇಳಿದರೆ ಯಜಮಾನರು ಗದರಿಯಾರು. ಆಗ ಆ ಪದಗಳನ್ನು ಬರೆದುಕೊಂಡು ಬನ್ನಿರಿ, ತರಗತಿಯಲ್ಲಿ ಕೂಡಿ ಓದೋಣ.