ಸಂಜೆಯ ಚಿತ್ರದಲ್ಲಿ ಮುಖವೆಲ್ಲಿ?

ಪಶ್ಚಿಮದಲ್ಲಿ ಕೆಂಬಣ್ಣ, ಅದರೆದುರು ಕಪ್ಪಾಗಿ ನಿಂತ ಒಂದು ಮರ, ಮನೆಗೆ ಮರಳುವ ಎತ್ತುಗಳು, ಬಿಂದಿಗೆ ಹೊತ್ತ ಒಬ್ಬ ಹೆಂಗಸು, ಇಂಥ ಛಾಯಾಚಿತ್ರವನ್ನು ಕಂಡವರೆಲ್ಲರೂ "ಆಹಾ, ಎಂಥ ಶಾಂತಿ!" ಎನ್ನುವರು. ಈಗ ಕ್ಯಾಮೆರಾ ಕೈಯಲ್ಲಿರುವ ಫೋನಿನೊಳಗೇ ಸೇರಿಕೊಂಡಿರುವುದರಿಂದ ನಮ್ಮ ಹೆಣ್ಣುಮಕ್ಕಳೂ ರಜೆಯಲ್ಲಿ ಊರಿಗೆ ಹೋದಾಗ ಇಂಥ ಚಿತ್ರಗಳನ್ನು ತೆಗೆದು ತರುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಸೃಷ್ಟಿಯ ಸೊಬಗನ್ನು ನಿಂತು ನೋಡುವ ಕಣ್ಣು ದೇವರು ಕೊಟ್ಟ ವರ. ಆದರೂ ಈ ಚಿತ್ರಗಳ ವಿಷಯವಾಗಿ ನನ್ನದೊಂದು ಆಕ್ಷೇಪಣೆಯುಂಟು. ಅದನ್ನು ಮೊದಲು ನನ್ನ ಮೇಲೆಯೇ ಹೊರಿಸಿಕೊಂಡು ಹೇಳುವೆನು.

ಕೆಲವು ವರ್ಷಗಳ ಹಿಂದೆ ಧಾರವಾಡದ ಕಡೆಯ ಎರೆಹೊಲಗಳ ನಡುವೆ, ಹಿಂಗಾರಿ ಜೋಳ ತೆನೆಗಟ್ಟಿದ ಕಾಲದಲ್ಲಿ, ನಾನು ಅಂಥದೊಂದು ಚಿತ್ರವನ್ನು ತೆಗೆದೆನು. ಅದರ ಪ್ರತಿಯೊಂದನ್ನು ಅದರಲ್ಲಿದ್ದ ಹೆಣ್ಣುಮಗಳಿಗೇ ಒಯ್ದು ಕೊಟ್ಟೆನು. ಆಕೆ ಬಹಳ ಹೊತ್ತು ನೋಡಿ, "ಭಾಳ ಚಂದ ಐತ್ರಿ. ಆದರ ಇದರಾಗ ನಾ ಎಲ್ಲಿ ಅದೀನಿ?" ಎಂದು ಕೇಳಿದಳು. ನಾನು ಬೆರಳಿಟ್ಟು ತೋರಿಸಿದ ಕಪ್ಪು ಆಕಾರಕ್ಕೆ ಕಣ್ಣಿರಲಿಲ್ಲ, ಬಾಯಿರಲಿಲ್ಲ. ನಾನು ನಾಚಿದೆನು.

ಸೂರ್ಯನೆದುರಿಗೆ ಹಿಡಿದ ಕ್ಯಾಮೆರಾ ಬಾನಿನ ಪ್ರಖರವಾದ ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವುದು; ನೆಲದ ಮೇಲಿರುವವರು ನೆರಳಾಗಿಬಿಡುವರು. ಊರ ಮೇಲೆ ತೆಳ್ಳಗೆ ಹಾಸಿದಂತಿರುವ ಆ ಹೊಗೆಯನ್ನೂ ನೋಡಿರಿ. ಸಂಜೆ ನೆಲ ಬೇಗನೆ ತಣ್ಣಗಾಗಿ, ಅದಕ್ಕೆ ತಗುಲಿದ ಗಾಳಿಯೂ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗೇ ಉಳಿಯುವುದರಿಂದ ಸೌದೆಯೊಲೆಯ ಹೊಗೆ ಏರಲಾರದೆ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಚಿತ್ರಕ್ಕೆ ಶೋಭೆ ತರುವ ಆ ಹೊಗೆಯೇ ಒಲೆಯೆದುರು ಕುಳಿತವಳ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು. ನಾವು ಶಾಂತಿಯೆನ್ನುವ ಹೊತ್ತು ಆಕೆಗೆ ದಿನದ ಎರಡನೆಯ ದುಡಿಮೆಯ ಆರಂಭ.

ಈ ರೂಢಿ ಹಳೆಯದು. 1844ರಲ್ಲಿ ಟಾಲ್ಬಟ್ ಎಂಬ ಆಂಗ್ಲ ವಿದ್ವಾಂಸನು ತೆಗೆದ 'ತೆರೆದ ಬಾಗಿಲು' ಎಂಬ ಪ್ರಸಿದ್ಧ ಛಾಯಾಚಿತ್ರದಲ್ಲಿ ಬಾಗಿಲ ಬಳಿ ಒರಗಿಸಿದ ಪೊರಕೆಯಿದೆ, ಓರೆಯಾಗಿ ಬಿದ್ದ ಬಿಸಿಲಿದೆ. ಗುಡಿಸುವವರು ಮಾತ್ರ ಇಲ್ಲ. ಆಗಿನ ಕಾಲದಲ್ಲಿ ಚಿತ್ರ ಮೂಡಲು ಮನುಷ್ಯರು ಬಹಳ ಹೊತ್ತು ಅಲುಗಾಡದೆ ನಿಲ್ಲಬೇಕಾಗಿತ್ತು. ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವ ನಮಗೆ ಆ ನೆಪವೂ ಇಲ್ಲ.

ಮನುಷ್ಯರ ಕಷ್ಟವನ್ನು ನೆನೆಯುತ್ತ ಕುಳಿತರೆ ಸೌಂದರ್ಯಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಬರಿಯ ಬೆಟ್ಟ ಬಯಲುಗಳ ಚಿತ್ರ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮನುಷ್ಯರನ್ನು ಚಿತ್ರದೊಳಗೆ ತಂದ ಬಳಿಕ ಅವರನ್ನು ಅಲಂಕಾರದ ಬೊಂಬೆಗಳನ್ನಾಗಿ ಮಾಡತಕ್ಕದ್ದಲ್ಲ. ರೂತಳ ಕಥೆಯನ್ನು ನಾವೆಲ್ಲರೂ ಓದಿದವರೇ. ಆಕೆಯೂ ಸಂಜೆಯವರೆಗೆ ಹೊಲದಲ್ಲಿ ತೆನೆಯಾಯ್ದು, ಜವೆಗೋದಿಯನ್ನು ಬಡಿದು ಹೊತ್ತುಕೊಂಡು ಅತ್ತೆಯ ಬಳಿಗೆ ಮರಳಿದವಳು. ಬೋವಜನು ಆಕೆಯನ್ನು ಕಂಡೊಡನೆ ಮೊದಲು ಮಾಡಿದ ಕೆಲಸವೆಂದರೆ, ಈಕೆ ಯಾರವಳೆಂದು ವಿಚಾರಿಸಿದುದು.

ಆದಕಾರಣ ನಮ್ಮ ಹುಡುಗಿಯರಿಗೆ ನಾನು ಹೇಳುವುದಿಷ್ಟೇ. ಮೊದಲು ಮಾತನಾಡಿಸಿ ಅಪ್ಪಣೆ ಪಡೆಯಿರಿ. ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಆ ಹೊಂಬೆಳಕು ಆಕೆಯ ಮುಖದ ಮೇಲೆಯೇ ಬೀಳುವುದು. ಇಲ್ಲವೆ ಸೂರ್ಯ ಮುಳುಗಿದ ಮೇಲೆ ತುಸು ಕಾಯಿರಿ. ನಮ್ಮ ನಾಡಿನಲ್ಲಿ ಮುಸ್ಸಂಜೆಯ ಒಳ್ಳೆಯ ಬೆಳಕು ಸುಮಾರು 20 ನಿಮಿಷ ನಿಲ್ಲುವುದು, ಆಗ ಬಾನಿಗೂ ನೆಲಕ್ಕೂ ಅಷ್ಟು ಅಂತರವಿರದು. ಚಿತ್ರದ ಹಿಂದೆ ಆಕೆಯ ಹೆಸರನ್ನು ಬರೆಯಿರಿ. ಒಂದು ಪ್ರತಿಯನ್ನು ಆಕೆಗೂ ಕೊಡಿರಿ.

ಪ್ರತಿದಿನ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬಳನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಶಾಲೆಯಲ್ಲಿ ಓದಿದವರು ನಾವು. ಆ ಮರ್ಯಾದೆಯನ್ನು ಹೊಲದ ಹಾದಿಯಲ್ಲಿ ಎದುರಾದವಳಿಗೂ ಸಲ್ಲಿಸೋಣ. ಮುಂದಿನ ಜೋಳದ ಕಾಲಕ್ಕೆ ನಾನು ಮತ್ತೆ ಆ ಊರಿಗೆ ಹೋಗಬೇಕೆಂದಿದ್ದೇನೆ.